ಸಿಟ್ಟು ಬಾರದ ತೆರ್ಯೋ

ಗೋಳೆಲ್ಲ ಶುರುವಾದದ್ದು ಅನ್ನದ ಪಾತ್ರೆಯ ಮುಚ್ಚಳದಿಂದ. ಬೆಳಿಗ್ಗೆ ತೆರ್ಯೋನ ಹೆಂಡತಿ ಸಾಲ್ವೆ ಒಲೆಯ ಮುಂದೆ ಕೂತಿದ್ದಾಗ ಆ ಮುಚ್ಚಳ ತಾನಾಗಿಯೇ ಎದ್ದು, ಗಾಳಿಯಲ್ಲಿ ಒಂದು ಗಳಿಗೆ ನಿಂತು, ಅನ್ನ ಬೆಂದಿದೆಯೇ ಎಂದು ಬಗ್ಗಿ ನೋಡಿದಂತೆ ಮಾಡಿ, ಪಕ್ಕದಲ್ಲಿ ಮೆಲ್ಲಗೆ ಕೂತಿತು. ಸಾಲ್ವೆ ಕಿರುಚಲಿಲ್ಲ. ಮಗಳನ್ನು ಎತ್ತಿಕೊಂಡು ನೇರ ಅಂಗಳಕ್ಕೆ ಬಂದಳು.

"ತಿಂಗಳಿಂದ ಹೇಳ್ತಾನೇ ಇದೀನಿ, ಮನೇಲಿ ಏನೋ ಹೊಕ್ಕಿದೆ ಅಂತ. ನಾನು ಅಮ್ಮನ ಮನೆಗೆ ಹೊರಟೆ. ಮುಚ್ಚಂಜೆಗೆ ಬಂದು ನೋಡ್ತೀನಿ. ಅಷ್ಟರೊಳಗೆ ನೀನು ಅದನ್ನ ಬೈದು ಓಡಿಸಿರಬೇಕು. ಇಲ್ಲಾಂದ್ರೆ ನಾನು ಈ ಹೊಸಿಲು ತುಳಿಯಲ್ಲ, ತಿಳೀತಾ?"

ಹೊಲಿಯುತ್ತಿದ್ದ ನಾರಿನ ಚಪ್ಪಲಿ ತೆರ್ಯೋನ ಕೈಯಿಂದ ಜಾರಿತು. ದೆವ್ವಕ್ಕಿಂತ ಅವನನ್ನು ಹೆದರಿಸಿದ್ದು 'ಬೈದು' ಎಂಬ ಮಾತು. ಬಿಕೋಲ್ ಸೀಮೆಯಲ್ಲಿ ಸಿಟ್ಟಿಗೆಂದೇ ಬೇರೆ ಪದಗಳಿವೆ. ಸಮಾಧಾನದಲ್ಲಿದ್ದಾಗ ಬೆಕ್ಕಿಗೆ, ಅಕ್ಕಿಗೆ, ಮನೆಗೆ ಒಂದು ಹೆಸರು. ತಲೆ ಕೆಟ್ಟರೆ ಅದೇ ಬೆಕ್ಕು ಕುರಸ್ಮಾಗ್, ಅದೇ ಅಕ್ಕಿ ಲಸ್ಗಾಸ್, ಅದೇ ಮನೆ ಲಂಗಾಗ್. ಮರೆಯ ಜನ, ಅಂದರೆ ಮರದಲ್ಲಿ ಬಂಡೆಯಲ್ಲಿ ಕಾಣದೆ ವಾಸಿಸುವವರು, ಹೆದರುವುದು ಆ ಪದಗಳಿಗೆ ಮಾತ್ರ ಎಂದು ಇಸಾರೋಗ್ ಬೆಟ್ಟದ ಬುಡದಲ್ಲಿ ಎಲ್ಲರೂ ಬಲ್ಲರು. ತೆರ್ಯೋನ ಬಾಯಲ್ಲಿ ಹುಟ್ಟಿದಾರಭ್ಯ ಅಂಥ ಒಂದು ಪದವೂ ಬಂದಿರಲಿಲ್ಲ. ಸಾಲ್ವೆ ಅವನನ್ನು ಒಪ್ಪಿದ್ದೇ ಆ ಕಾರಣಕ್ಕೆ. ಪಾಪ, ಈಗ ಅವಳನ್ನು ಉಳಿಸಿಕೊಳ್ಳಲು ಬೈಯುವುದನ್ನು ಕಲಿಯಬೇಕಿತ್ತು.

ಸುದ್ದಿ ಬೇಲಿ ಹಾರಿತು. ಮೊದಲು ಬಂದವಳು ನಾಗಾ ಪಟ್ಟಣದಿಂದ ಮದುವೆಯಾಗಿ ಬಂದ ಮನಾಯ್ ಉಡೆಂಗ್. ಮನಾಯ್ ಅಂದರೆ ಅಕ್ಕ. ಆದರೆ ಆಕೆ ಊರಿಗೆಲ್ಲ ಅತ್ತೆಯ ಹಾಗೆ. ಹಿಂದೆಯೇ ಬುಹಿ ಸರೋವರದ ಕಡೆಯ ಮನೋಯ್ ಪೋಲ್ದಿಂಗ್, ಎಲ್ಲರಿಗೂ ಅಣ್ಣ.

"ಎದ್ದು ನಿಲ್ಲೋ ತೆರ್ಯೋ," ಎಂದಳು ಉಡೆಂಗ್. "ಒಲೆ ಕಡೆ ತಿರುಗಿ ಹೇಳು, 'ಈ ಲಂಗಾಗ್ ಬಿಟ್ಟು ತೊಲಗು!' ಅಂತ."

ತೆರ್ಯೋ ಗಂಟಲು ಸರಿಮಾಡಿಕೊಂಡ. "ಈ ಲಂಗಾಗ್ ಬಿಟ್ಟು... ತಮಗೆ ತೊಂದರೆ ಇಲ್ಲಾಂದ್ರೆ... ತೊಲಗ್ತೀರಾ?"

"ಅಯ್ಯೋ, ಮದುವೆಗೆ ಕರೀತಿದೀಯೇನೋ!"

"ತಪ್ಪು ಅವನದಲ್ಲ," ಎಂದ ಪೋಲ್ದಿಂಗ್. "ಈ ನಾಗಾ ಮಾತೇ ಬೆಣ್ಣೆ ಬೆಣ್ಣೆ. ಬೈದರೂ ಜೋಗುಳ ಹಾಡಿದ ಹಾಗಿರುತ್ತೆ. ದೆವ್ವಕ್ಕೆ ನಮ್ಮ ಬುಹಿ ಬೈಗುಳವೇ ಬೇಕು."

"ನಿಮ್ಮ ಬುಹಿ ಮಾತು ಗುಡ್ಡ ದಾಟಿದರೆ ನಾಯಿಗೂ ಅರ್ಥ ಆಗಲ್ಲ, ದೆವ್ವಕ್ಕೆ ಆಗುತ್ತಾ?"

ಪೋಲ್ದಿಂಗ್ ಎದೆಯುಬ್ಬಿಸಿ ಬುಹಿಯ ಒಂದು ಬೈಗುಳ ಒದರಿದ. ಆಗ ಒಳಗಿನ ಕತ್ತಲೆಯಿಂದ ಅದೇ ಬೈಗುಳ ಅದೇ ಊರಿನ ರಾಗದಲ್ಲಿ, ಅವನದೇ ದನಿಯಲ್ಲಿ ವಾಪಸು ಬಂತು.

ಮೂವರೂ ಒಂದು ಹೆಜ್ಜೆ ಹಿಂದೆ ಸರಿದರು. ಒಳಗಿಂದ ತಣ್ಣನೆಯ ಗಾಳಿ ಬೀಸಿ ಅವರ ಕಾಲು ಸೋಕಿ ಹೋಯಿತು. ಯಾರೂ ಮಲಗಿರದ ಜೋಲಿ ಕಿರ್ ಕಿರ್ ಎಂದು ತೂಗತೊಡಗಿತು. ಉಡೆಂಗ್ ಶಿಲುಬೆಯ ಗುರುತು ಮಾಡಿಕೊಂಡು ನಾಗಾದ ಬೈಗುಳವೊಂದನ್ನು ಎಸೆದಳು. ಒಳಗಿಂದ ಇನ್ನೊಬ್ಬ ಉಡೆಂಗ್ ಉತ್ತರ ಕೊಟ್ಟಳು.

"ಕೇಳಿದೆಯಾ?" ಎಂದಳು ಹೊರಗಿನ ಉಡೆಂಗ್, ಹೆದರಿಕೆಯಲ್ಲೂ ಬೀಗುತ್ತಾ. "ಅದಕ್ಕೆ ನಾಗಾ ಮಾತು ಎಷ್ಟು ಚೆನ್ನಾಗಿ ಬರುತ್ತೆ!"

"ಬುಹಿದು ಇನ್ನೂ ಚೆನ್ನಾಗಿತ್ತು ಬಿಡಿ."

ಮತ್ತೆ ಜಗಳ. ಮಧ್ಯಾಹ್ನವಾದರೂ ಇಬ್ಬರೂ ಕದಲಲಿಲ್ಲ. ಸಾಲ್ವೆಗೆಂದು ತೆರ್ಯೋ ಜಗಲಿಯಲ್ಲಿ ಎತ್ತಿಟ್ಟಿದ್ದ ತಂಗಳನ್ನವನ್ನೂ ತೆಂಗಿನ ಹಾಲಲ್ಲಿ ಬೆಂದ ಕೆಸುವಿನೆಲೆಯ ಪಲ್ಯವನ್ನೂ ಮಾತಿನ ಭರದಲ್ಲಿ ಬಳಿದು ತಿಂದರು. ಹೊಸ ಚಪ್ಪಲಿಗಳ ಮೇಲೆಯೇ ಕೂತರು. ತೆರ್ಯೋ ಕೈ ಹಿಸುಕಿಕೊಳ್ಳುತ್ತಾ ಪದಗಳನ್ನು ಬಾಯಿಪಾಠ ಮಾಡಿದ. ಸೂರ್ಯ ತೆಂಗಿನ ತಲೆಗಿಳಿದರೂ ಅವನ ಬೈಗುಳದ ಬಾಲದಲ್ಲಿ 'ದಯವಿಟ್ಟು' ನೇತಾಡುತ್ತಲೇ ಇತ್ತು.

"ಇವನ ಕೈಲಾಗಲ್ಲ," ಎಂದು ಉಡೆಂಗ್ ಬಾಯಿ ಒರೆಸಿಕೊಂಡಳು. "ಸಾಲ್ವೆ ಬರದೇ ಇದ್ರೇನೇ ವಾಸಿ. ಈ ಗೊಂಬೆ ಜೊತೆ ಎಷ್ಟು ದಿನಾಂತ ಬಾಳ್ತಾಳೆ? ನನ್ನ ತಮ್ಮನಿಗಾದ್ರೂ ಕೊಟ್ಟಿದ್ರೆ ಸುಖವಾಗಿರ್ತಿದ್ಲು."

ತೆರ್ಯೋನೊಳಗೆ ಏನೋ ಪಟ್ಟನೆ ಹರಿಯಿತು.

"ತೊಲಗಿ!" ಎಂದು ಗುಡುಗಿದ. ಅದು ಅವನಿಗೇ ಗುರುತಿಲ್ಲದ ದನಿ. "ನನ್ನ ಲಸ್ಗಾಸ್ ಮುಕ್ಕಿ, ನನ್ನ ಹೆಂಡತಿಗೇ ಗಂಡು ಹುಡುಕ್ತೀರಾ? ಎದ್ದು ಹೋಗಿ ಈ ಲಂಗಾಗ್ ಬಿಟ್ಟು, ಕಳ್ಳ ಕುರಸ್ಮಾಗ್‌ಗಳಾ!" ಆಮೇಲೆ ನಾಗಾದ್ದು, ಬುಹಿಯದ್ದು, ಯಾರೂ ಕಲಿಸದೆ ಇದ್ದದ್ದು ಎಲ್ಲವೂ ಕಟ್ಟೆಯೊಡೆದು ಬಂದವು. ಕೋಳಿಗಳು ಬೇಲಿ ಹಾರಿದವು.

ಅದೇ ಹೊತ್ತಿಗೆ ಅಂಗಳದ ಬಾಗಿಲಲ್ಲಿ, ಮಗಳನ್ನು ಸೊಂಟಕ್ಕೇರಿಸಿಕೊಂಡು ಸಾಲ್ವೆ ನಿಂತಿದ್ದಳು. ಅವಳ ಮುಖ ಸುಣ್ಣದ ಹಾಗೆ ಬಿಳಿಚಿತ್ತು.

"ಅದು ನನ್ನ ಗಂಡ ಅಲ್ಲ," ಎಂದಳು. "ನನ್ನ ಗಂಡನ ಬಾಯಲ್ಲಿ ಆ ಮಾತು ಬರೋದೇ ಇಲ್ಲ."

"ದೇವರೇ, ಮೈಯೊಳಗೇ ಹೊಕ್ಕುಬಿಟ್ಟಿದೆ!" ಎಂದು ಪೋಲ್ದಿಂಗ್ ಚಪ್ಪಲಿ ಬಿಟ್ಟು ಓಡಿದ.

ತೆರ್ಯೋನ ಸಿಟ್ಟು ಸರ್ರನೆ ಇಳಿಯಿತು. "ಸಾಲ್ವೆ, ನಾನೇ ಕಣೇ. ನಿನ್ನ ತೆರ್ಯೋ," ಎಂದ ಎಂದಿನ ಮೆತ್ತನೆಯ ದನಿಯಲ್ಲಿ.

"ನಂಬಬೇಡ!" ಎಂದು ಉಡೆಂಗ್ ಅವಳ ರಟ್ಟೆ ಹಿಡಿದು ಎಳೆದಳು. "ಬೆಳಿಗ್ಗೆ ನನ್ನ ದನಿ ಕದ್ದಿತ್ತು, ಈಗ ಅವನದು ಕದ್ದಿದೆ. ಓಡು!"

ಸಾಲ್ವೆ ಒಮ್ಮೆ ತಿರುಗಿ ನೋಡಿದಳು. ಆ ಕಣ್ಣಲ್ಲಿ ನೀರೂ ಇತ್ತು, ಭಯವೂ ಇತ್ತು. ಮಗು "ಅಪ್ಪಾ" ಎಂದಿತು. ಅವಳು ಅದರ ಕಣ್ಣು ಮುಚ್ಚಿ ಓಡಿದಳು. ಅವನು ಬೆನ್ನಟ್ಟಿದಷ್ಟೂ ಅವರು ಜೋರಾಗಿ ಕಿರುಚಿದರು. ಬೀದಿಯುದ್ದಕ್ಕೂ ಕಿಟಕಿಗಳು ಧಡಧಡ ಮುಚ್ಚಿಕೊಂಡವು. ಮೂಲೆಯ ತನಕ ಹೋಗಿ, ಯಾರೂ ಕಾಣದೆ, ಅಳುತ್ತಾ ಅಂಗಳಕ್ಕೆ ಮರಳಿದ.

ಒಳಗೆ ದೀಪ ಹತ್ತಿತ್ತು. ಮೇಜಿನ ಮೇಲೆ ಎರಡು ತಟ್ಟೆ ಇಟ್ಟಿತ್ತು. ಒಲೆಯ ಕಡೆಯಿಂದ ಸಾಲ್ವೆಯದೇ ದನಿ, ಮುದ್ದಾಗಿ ಕರೆಯಿತು.

"ಅಬ್ಬಾ, ಅಂತೂ ಹೋದ್ರಲ್ಲ! ಅವರನ್ನೆಲ್ಲ ಓಡಿಸೋಕೆ ತಿಂಗಳಿಂದ ನಾನೊಬ್ಬಳೇ ಹೆಣಗ್ತಿದ್ದೆ. ನೀನು ಒಂದೇ ಉಸಿರಿಗೆ ಮುಗಿಸಿಬಿಟ್ಟೆ. ಬಾರೋ ತೆರ್ಯೋ, ಬಾಗಿಲು ಹಾಕ್ಕೊಂಡು ಬಾ. ಅನ್ನ ಆರ್ತಾ ಇದೆ."