ಗುರುತು ಸಿಗದ ಹುಲ್ಲುಬಣವೆ

ಹ್ಯಾಲೋವೀನ್ ದಿನ ಬೆಳಗ್ಗೆ ಫರ್ಗಲ್ ತಾನಾಗಿಯೇ ಇಕ್ಕಟ್ಟಿಗೆ ಸಿಕ್ಕಿಕೊಂಡ. ಕೆಲಸಕ್ಕೆ ಹೊರಟಿದ್ದ ಹೆಂಡತಿ ಊನಾ, "ಮಗೂಗೆ ಅಂಗಡಿಯಿಂದ ಒಂದು ವೇಷ ತಂದ್ಬಿಡು, ಪುಣ್ಯ ಬರುತ್ತೆ" ಎಂದಳು.

"ಮನೇಲೇ ಮಾಡ್ತೀನಿ ಕಣೇ. ಟೆನ್ಷನ್ನೇ ಇಲ್ಲ!"

ಆ ಬೀದಿಯಲ್ಲಿ ವೇಷ ಹಾಕಿದ ಮಗು ಬಾಗಿಲಲ್ಲಿ ತುಟಿ ಬಿಚ್ಚದೆ ನಿಲ್ಲಬೇಕು. ಯಾರೆಂದು ಮನೆಯವರು ಊಹಿಸಬೇಕು. ಸಿಕ್ಕಿಬಿದ್ದರೆ ಮುಖ ತೋರಿಸಿ ಹಾಡಬೇಕು. ದೊಡ್ಡವರು ಬೇಲಿಯಾಚೆಯೇ ಅಡಗಿರಬೇಕು. ಹೋದ ವರ್ಷ ಹರಕು ಕೊಡೆಯಿಂದ ಫರ್ಗಲ್ ಮಾಡಿದ ಬಾವಲಿಯನ್ನು ಕಂಡ ಕೂಡಲೇ ಮೂಲೆಮನೆಯ ಮಿಸೆಸ್ ಗೆರಟಿ, "ಇದು ಫರ್ಗಲ್ ಕೈಚಳಕವೇ! ಹಾಡಮ್ಮ ಕ್ಲೀನಾ" ಎಂದಿದ್ದಳು. ಪಾಪ, ಮಗಳು ಅಳುತ್ತಲೇ ಹಾಡಿದ್ದಳು.

"ಈ ಸಲ ಗೆರಟಿ ಅಜ್ಜಿಗೆ ಗೊತ್ತಾಗ್ಲೇಬಾರ್ದು, ಅಪ್ಪಾ."

"ಅಜ್ಜಿ ತಲೆ ಕೆರ್ಕೋಬೇಕು, ಹಂಗೆ ಮಾಡ್ತೀನಿ ನೋಡು."

ಕುದುರೆ ಲಾಯದಿಂದ ಹುಲ್ಲು ಹೊತ್ತು ತಂದ. ತಲೆಯಿಂದ ಕಾಲಿನವರೆಗೆ ಹುಲ್ಲಿನ ವೇಷ! ಗೋಂದು ಹಚ್ಚಿದ, ಹುಲ್ಲು ಅವನ ಗಡ್ಡಕ್ಕೇ ಅಂಟಿತು. ಪಕ್ಕದ ಮನೆಯ ಪಾಡ್ರಿಗ್ ಕರೆಯದೆಯೇ ಒಳಬಂದ.

"ಲೋ, ಅದು ನಿಲ್ಲಲ್ಲ ಕಣೋ. ಹಳೇ ಪರದೆಗಿಟ್ಟು ಹೊಲಿ."

ಹೊಲಿದ. ಎದ್ದು ನಿಂತರೆ ವೇಷವೂ ಎದ್ದಿತು. ಅದು ಪ್ಯಾಂಟಿಗೂ ಸೇರಿ ಹೊಲಿದುಹೋಗಿತ್ತು. ಬಿಡಿಸಲು ಪ್ಯಾಂಟನ್ನೇ ಕತ್ತರಿಸಬೇಕಾಯಿತು. ಪಾಡ್ರಿಗ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಉಳಿದ ಹುಲ್ಲು ನಮ್ಮನೆಗಾಯ್ತು" ಎಂದು ಬಾಚಿಕೊಂಡು ಹೋದ.

ಅಷ್ಟರಲ್ಲಿ ಮಿಸೆಸ್ ಗೆರಟಿ ಬಾಗಿಲು ಬಡಿದಳು. ಕ್ಲೀನಾಳನ್ನು ಮೇಜಿನಡಿ ತಳ್ಳಿ, ಫರ್ಗಲ್ ಮೂತಿ ಮಾತ್ರ ಹೊರಹಾಕಿದ. ಮುದುಕಿ ಒಣದ್ರಾಕ್ಷಿ ಬ್ರೆಡ್ ಕೊಟ್ಟು, ಅವನ ಗಡ್ಡದಿಂದ ಒಂದು ಹುಲ್ಲುಕಡ್ಡಿ ಕಿತ್ತು, ನಗುತ್ತ ಹೋದಳು. ಫರ್ಗಲ್ ಬಾಗಿಲು ಹಾಕಿ ಗಡ್ಡವನ್ನೆಲ್ಲ ಕೊಡವಿಕೊಂಡ.

ಕತ್ತಲಾಯಿತು. ವೇಷ ತೊಟ್ಟ ಕ್ಲೀನಾಳನ್ನು ಕರೆದುಕೊಂಡು ಫರ್ಗಲ್ ಹೊರಟ. ಬೀದಿ ತಿರುವಿನಲ್ಲಿ ಬೆಂಕಿ ಹಾಕಿದ್ದರು, ಮಕ್ಕಳ ಜಾತ್ರೆಯೇ ನೆರೆದಿತ್ತು. ಒಂದು ಪಟಾಕಿ ಅಡ್ಡಾದಿಡ್ಡಿ ಹಾರಿತು. "ಅಯ್ಯೋ, ಹುಲ್ಲು!" ಎಂದು ಫರ್ಗಲ್ ನುಗ್ಗಿ ಹುಲ್ಲಿನ ತೋಳು ಹಿಡಿದು ಎಳೆದುಕೊಂಡು ಓಡಿದ.

"ಏನೇ ಆಗ್ಲಿ, ಬಾಯಿ ಬಿಟ್ಟೀಯ ಜೋಕೆ!"

ಮಿಸೆಸ್ ಗೆರಟಿ ಬಾಗಿಲು ತೆರೆದಳು. "ಬಾರಮ್ಮ ಕ್ಲೀನಾ! ನಿಮ್ಮಪ್ಪನ ಗಡ್ಡದಲ್ಲೇ ಹುಲ್ಲು ನೋಡ್ದೆ."

ಹುಲ್ಲುಬಣವೆ ಅಲ್ಲವೆಂದು ತಲೆಯಾಡಿಸಿತು.

"ಅಲ್ವಾ? ಆಣೆಗೂ?"

ಆಣೆಗೂ ಅಲ್ಲ ಎಂಬಂತೆ ಎದೆಯ ಮೇಲೆ ಕೈ ಇಟ್ಟುಕೊಂಡಿತು.

"ಹಂಗಾದ್ರೆ ನಾ ಸೋತೆ ಕಣಮ್ಮ."

ಬೇಲಿಯಾಚೆ ಫರ್ಗಲ್‌ಗೆ ಮಗಳ ಸುಳ್ಳಾಣೆ ಕೊಂಚ ಚುಚ್ಚಿತು. ಮರುಕ್ಷಣ ಹಿಗ್ಗಿ ಹೀರೇಕಾಯಿಯಾದ. ಮನೆಗೆ ಓಡೋಡಿ ಬಂದು, ಆಗಷ್ಟೇ ಬಂದಿದ್ದ ಊನಾಳ ಮುಂದೆ ಬಣವೆಯನ್ನು ನಿಲ್ಲಿಸಿದ.

"ತೆಗಿ ಪುಟ್ಟಾ, ಅಮ್ಮಂಗೆ ಮುಖ ತೋರ್ಸು!"

ಹುಲ್ಲಿನ ಟೋಪಿ ಕಳಚಿತು. ಒಳಗಿದ್ದವಳು ಪಾಡ್ರಿಗ್‌ನ ಮಗಳು ಗ್ರಾನ್ಯಾ.

"ಅಂಕಲ್, ಈಗ ಮಾತಾಡ್ಬಹುದಾ? ನಮ್ಮಪ್ಪಾನೂ ನಂಗೆ ಇದೇ ವೇಷ ಮಾಡಿದ್ರು."

ಊನಾ ಬಾಯಿ ತೆರೆಯುವ ಮೊದಲೇ ಪಾಡ್ರಿಗ್ ಕ್ಲೀನಾಳ ಕೈ ಹಿಡಿದು ಬಂದ. ಅವಳ ಕಣ್ಣು ಕೆಂಪಾಗಿತ್ತು.

"ಬೆಂಕಿ ಹತ್ರ ಒಂಟಿಯಾಗಿ ನಿಂತಿದ್ಲು ಕಣೋ. ನಿನ್ನನ್ನೂ ಗ್ರಾನ್ಯಾನೂ ಹುಡುಕ್ತಾ ಗೆರಟಿ ಮನೆಗೆ ಹೋದ್ವಿ. ಬಾಗಿಲಲ್ಲಿ ಇವಳನ್ನ ನೋಡಿದ್ದೇ ತಡ, 'ಮೊದಲು ಬಂದ ಬಣವೆ ಕ್ಲೀನಾ ಅಲ್ಲ ಅಂತ ಆಣೆ ಹಾಕ್ತು, ಹಂಗಾದ್ರೆ ಕ್ಲೀನಾ ನೀನೇ' ಅಂದ್ಲು ಅಜ್ಜಿ. ಪಾಪ, ಹಾಡಿಸೇ ಬಿಟ್ಲು."

ಫರ್ಗಲ್ ಮಂಡಿಯೂರಿ ಕುಳಿತ. "ವೇಷ ಅಷ್ಟು ಚೆನ್ನಾಗಿತ್ತು ಪುಟ್ಟಾ, ಅದಕ್ಕೇ..."

"ಪಾಡ್ರಿಗ್ ಅಂಕಲ್‌ಗೆ ಗುರುತು ಸಿಕ್ತು," ಎಂದಳು ಕ್ಲೀನಾ. "ಗೆರಟಿ ಅಜ್ಜಿಗೂ ಸಿಕ್ತು. ನಿಂಗೊಬ್ಬನಿಗೇ ಸಿಗ್ಲಿಲ್ಲ."