ಇಸಿಮೇಲಿ ಬೇಯಿಸಿದ ಮದುವೆ ಹಂದಿ

ನನ್ನ ನೆನಪು ಕೈಕೊಡ್ತಿದೆ ಅಂತ ಈ ಗ್ರೂಪಲ್ಲಿ ಯಾರೋ ಗೊಣಗಿದ್ರಂತೆ. ಗೊಣಗೋರು ಮೊದಲು ತಮ್ಮ ಚಪ್ಪಲಿ ಎಲ್ಲಿ ಬಿಟ್ಟಿದೀವಿ ಅಂತ ನೋಡ್ಕೊಳ್ಳಿ. ನಂದು ಹಲ್ಲು ಹೋಗಿದೆ, ನೆನಪು ಹೋಗಿಲ್ಲ. ಆ ಮದುವೇಲಿ ನಾನೇ ಕೂತಿದ್ದೆ. ಸುಮ್ನೆ ಕೇಳಿ.

ವುನಿವಾಯ್ ಊರಿನ ಸೈರೂಸಿ ಮದುವೆ. ಗುಂಡಿ ಒಲೇಲಿ ಹಂದಿ ಬೇಯಿಸೋ ಕೆಲಸ ನಂಗೇ ಬೇಕು ಅಂತ ಅವನ ಗೆಳೆಯ ಇಸಿಮೇಲಿ ಹಠ ಹಿಡಿದ. ಅಡುಗೆ ಯಜಮಾನಿ ಮಕೆರೇತಾ ಅಜ್ಜಿ ಮೂಗು ಮುರಿದಳು.

"ಇವನ ಕೈಗೆ ಹಂದೀನಾ? ಹೋದ ವಾರ ಮರಗೆಣಸು ಸುಡು ಅಂದ್ರೆ ಇದ್ದಿಲು ಮಾಡಿ ತಂದ."

"ಬಿಡಜ್ಜಿ, ನನ್ನ ಮದುವೆ ಹಂದಿ ಅವನೇ ಬೇಯಿಸ್ಲಿ" ಅಂದ ಸೈರೂಸಿ. ಆಮೇಲೆ ಇಸಿಮೇಲಿ ಹೆಗಲು ಹಿಡಿದು, "ಮೊದಲ ತುಂಡು ಹೆಣ್ಣು ಕೊಡೋ ಮಾವನಿಗೆ ಹೋಗುತ್ತೆ. ನನ್ನ ಮಾನ ನಿನ್ನ ಕೈಲಿದೆ ಕಣೋ" ಅಂದ.

ಬೆಳಗ್ಗೆ ಇಸಿಮೇಲಿ ಗುಂಡೀಲಿ ಕಲ್ಲು ಜೋಡಿಸಿ ಬೆಂಕಿ ಹಾಕಿದ. ಕಲ್ಲು ಬೆಳ್ಳಗೆ ಕಾಯೋವರೆಗೂ ಅಲ್ಲಿಂದ ಅಲ್ಲಾಡಬಾರದು. ಆದ್ರೆ ಅಷ್ಟರಲ್ಲಿ ನೆಂಟರು ಬಂದ್ರು. ಮನೆಮನೇಲೂ ಮತ್ತು ಬರಿಸೋ ಯಂಗೋನ ಬೇರಿನ ಪುಡಿ ನೀರಲ್ಲಿ ಕಲಸಿ ಕುಡಿಯೋಕೆ ಕೂತ್ರು. ಕರೆದೋರ ಬಟ್ಟಲು ಬೇಡ ಅನ್ನೋದು ನಮ್ಮಲ್ಲಿ ಮರ್ಯಾದೆ ಅಲ್ಲ. ನಾಸೋಬು ಊರಿಂದ ಬಂದಿದ್ದ ನಾವೂ ಕರೆದ್ವಿ, ಸುಳ್ಳು ಯಾಕೆ ಹೇಳ್ಲಿ. ನಾಲ್ಕನೇ ಬಟ್ಟಲಿಗೆ ಅವನ ತುಟಿ ಮರಗಟ್ಟಿತು, ಏಳಕ್ಕೆ ಕಣ್ಣು ಮುಚ್ಚಿದವು.

ಎದ್ದು ಓಡಿ ಬಂದು ನೋಡಿದ್ರೆ ಬರೀ ಬೂದಿ. ಕಲ್ಲು ಮುಟ್ಟಿದ. ಜ್ವರ ಬಂದ ಮಗು ಹಣೆ ಇದಕ್ಕಿಂತ ಬಿಸಿ ಇರುತ್ತೆ. ಅತ್ತ ಚರ್ಚಿನ ಗಂಟೆ ಹೊಡೀತಿದೆ, ಮತ್ತೆ ಕಾಯಿಸೋಕೆ ಹೊತ್ತಿಲ್ಲ. ಹಾಗೇ ಹಂದಿ ಇಳಿಸಿದ, ಎಲೆ ಹೊದಿಸಿದ, ಮಣ್ಣು ಮುಚ್ಚಿದ, ದೇವರ ಮೇಲೆ ಭಾರ ಹಾಕಿದ.

ಎಲ್ರೂ ಚರ್ಚಿಂದ ಬರೋ ಹೊತ್ತಿಗೆ ಮೆಲ್ಲಗೆ ಒಂದು ಮೂಲೆ ಕೆದಕಿ ನೋಡಿದ. ಹಂದಿ ಎಣ್ಣೆ ಸ್ನಾನ ಮುಗಿಸಿ ಮಲಗಿದ ಬಾಣಂತಿ ಥರ ತಣ್ಣಗೆ ಮಲಗಿತ್ತು. ಅದನ್ನ ಇಸಿಮೇಲಿ ಚಾಪೇಲಿ ಸುತ್ತಿ ದರದರ ಎಳ್ಕೊಂಡು ಹೋಗಿ ತನ್ನ ಹಾಸಿಗೆ ಮೇಲೆ ಮಲಗಿಸಿ ಸೊಳ್ಳೆ ಪರದೆ ಇಳಿಬಿಟ್ಟ.

ಹೊರಗೆ ಬಂದ್ರೆ ಮಾವಿನ ಮರದ ಕೆಳಗೆ ನಾವು ಕೂತಿದ್ವಿ. ನಮಗೂ ವುನಿವಾಯ್‌ನವರಿಗೂ ಹಿಂದಿನ ಕಾಲದ ದೇವರು ಒಂದೇ. ಹಾಗಾಗಿ ಒಬ್ಬರನ್ನೊಬ್ಬರು ಎಷ್ಟು ಗೇಲಿ ಮಾಡಿದ್ರೂ, ಏನು ಕದ್ರೂ, ಯಾರೂ ಸಿಟ್ಟಾಗೋ ಹಾಗಿಲ್ಲ. ಇಸಿಮೇಲಿ ತಲೇಲಿ ದೀಪ ಹತ್ತಿತು.

"ಹಂದಿ ಕಳುವಾಗಿದೆ" ಅಂತ ಬೊಬ್ಬೆ ಹಾಕ್ದ.

"ಯಾರೋ ಕದ್ದೋರು?" ಅಂದಳು ಅಜ್ಜಿ.

"ಇನ್ಯಾರು, ನಾಸೋಬುವೋರು."

ಇಡೀ ಚಪ್ಪರ ನಕ್ಕಿತು. ಹೆಣ್ಣಿನ ಅಪ್ಪನಂತೂ ತೊಡೆ ತಟ್ಕೊಂಡು ನಕ್ಕ. "ಮೀನು ಬಡಿಸಿ, ಮದುವೆ ಅಂದ್ರೆ ಹೀಗಿರಬೇಕು" ಅಂದ. ಇಸಿಮೇಲಿಗೆ ಉಸಿರು ವಾಪಸ್ ಬಂತು.

ಇತ್ತ ನಮ್ಮ ಹಿರಿಯ ಎಪೇಲಿ ಮಾವ ನಮ್ಮ ಮುಖ ನೋಡಿದ. "ನಾವು ಕದ್ವೇನ್ರೋ?"

"ಇಲ್ಲ ಮಾವ."

"ಕದಿಯದೆ ಹೆಸರು ತಗೊಳ್ಳೋದು ನಮ್ಮೂರಿಗೆ ಅವಮಾನ. ಹೋಗಿ ಕದ್ದು ತನ್ನಿ."

ಹುಡುಕೋದೇನು ಬಂತು, ಮಣ್ಣಿನ ಗೆರೆ ಸೀದಾ ಇಸಿಮೇಲಿ ಹಾಸಿಗೆವರೆಗೂ ಹೋಗಿತ್ತು. ನಾಲ್ಕು ಜನ ಸೊಳ್ಳೆ ಪರದೆ ಸಮೇತ ಹೊತ್ಕೊಂಡು ಬಂದ್ವಿ. ಎಪೇಲಿ ಮಾವ ಹೆಣ್ಣಿನ ಅಪ್ಪನ ಮುಂದೆ ಕೂತು ನಮ್ಮ ಕಡೆ ಮರ್ಯಾದೆಗೆ ತಟ್ಟೋ ಹಾಗೆ ಶಾಸ್ತ್ರವಾಗಿ ಚಪ್ಪಾಳೆ ತಟ್ಟಿದ.

"ಕದ್ದಿದ್ದು ಹೌದು ಸ್ವಾಮಿ. ಆದ್ರೆ ತಿನ್ನೋಕಾಗ್ಲಿಲ್ಲ, ವಾಪಸ್ ತಂದಿದೀವಿ."

ಅಜ್ಜಿ ಪರದೆ ಎತ್ತಿ ಚಾಕು ಇಟ್ಟಳು. ರಕ್ತ ಬಂತು. ನಗು ನಿಂತೇ ಹೋಯ್ತು. ಹೆಣ್ಣಿನ ಅಪ್ಪ ಅಳಿಯನ ಕಡೆ ತಿರುಗಿದ.

ಸೈರೂಸಿ ಗೆಳೆಯನ್ನ ಒಂದು ಸಲ ನೋಡಿದ. ಎದ್ದು ನಿಂತ. "ತಪ್ಪು ನಂದು ಮಾವ. ಬೇಗ ತೆಗಿ ಅಂತ ನಾನೇ ಅವಸರ ಮಾಡಿದ್ದೆ."

ಕಪಾಳಕ್ಕೆ ಹೊಡೆದಿದ್ರೆ ಇಸಿಮೇಲಿ ತಡ್ಕೋತಿದ್ದ. ಇದನ್ನ ತಡೆಯೋಕಾಗ್ಲಿಲ್ಲ. ಎಲ್ರ ಮುಂದೆ ಮಂಡಿ ಊರಿದ, ಕತ್ತು ಎತ್ತಲಿಲ್ಲ. "ಸುಳ್ಳು. ನಾನು ಕುಡಿದು ಮಲಗಿಬಿಟ್ಟೆ. ಬೆಂಕಿ ಆರಿಸ್ದೋನು ನಾನು, ಹಂದೀನ ನನ್ನ ಹಾಸಿಗೇಲಿ ಮುಚ್ಚಿಟ್ಟೋನು ನಾನು, ಇವರ ಮೇಲೆ ಹಾಕಿದೋನೂ ನಾನೇ" ಅಂತ ಅತ್ತ.

ಹೆಣ್ಣಿನ ಅಪ್ಪ ಅವನನ್ನ ಎತ್ತಿ ತಬ್ಬಿಕೊಂಡ. ಅವನ ಕಣ್ಣಲ್ಲೂ ನೀರು.

"ನೋಡ್ರಪ್ಪ, ಗೆಳೆಯನ ತಪ್ಪು ಮುಚ್ಚೋಕೆ ಹಂದೀನ ತನ್ನ ಹಾಸಿಗೇಲಿ ಮಲಗಿಸಿದಾನೆ. ಈಗ ಕುಡುಕ ಅನ್ನಿಸ್ಕೊಳ್ಳೋಕೂ ತಯಾರು. ಇಂಥೋನು ಎಲ್ಲಿ ಸಿಗ್ತಾನೆ?"

"ಇಲ್ಲ ಯಜಮಾನರೇ, ನಿಜವಾಗ್ಲೂ ನಾನೇ..."

"ಸಾಕು ಬಿಡಪ್ಪ, ನಂಗೆ ಗೊತ್ತಾಗಲ್ವಾ? ಮುಂದಿನ ತಿಂಗಳು ನನ್ನ ಚಿಕ್ಕ ಮಗಳ ಮದುವೆ. ನಾಲ್ಕು ಹಂದಿ. ನಿನ್ನ ಬಿಟ್ಟು ಬೇರೆಯವರು ಆ ಗುಂಡಿ ಮುಟ್ಟಬಾರದು."

ಸೈರೂಸಿ ಮುಖ ಆ ಕಡೆ ತಿರುಗಿಸ್ಕೊಂಡ. ಇಸಿಮೇಲಿ ಇನ್ನೂ ಹೇಳ್ತಾನೇ ಇದ್ದ. ಕೇಳೋರಿಲ್ಲ.

ಅಷ್ಟೇ. ಸರಿ ಅನ್ನಿಸಿದ್ರೆ ಈ ವಾಯ್ಸ್ ಮೆಸೇಜ್ ನಾಲ್ಕು ಜನಕ್ಕೆ ಕಳಿಸಿ. ಆ ಹೆಣ್ಣಿನ ಅಪ್ಪನ ಕಡೆಯೋರು ಯಾರಾದ್ರೂ ಗೊತ್ತಿದ್ರೆ ಅವರಿಗೆ ಮೊದಲು ಕಳಿಸಿ. ಇಸಿಮೇಲಿ ಹೇಳಿದ್ದನ್ನಂತೂ ಇವತ್ತಿಗೂ ನಂಬಿಲ್ಲ, ನಾನು ಹೇಳಿದ್ರಾದ್ರೂ ನಂಬ್ತಾರೇನೋ.