ನಲವತ್ನಾಲ್ಕು ಮನೆ ಮುಯ್ಯಿ

"ನನಗೆ ಕೇಳುವುದಕ್ಕೆ ಬರುವುದಿಲ್ಲ" ಎಂದು ನಾಗಶ್ರೀ ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಡೈರಿಯಲ್ಲಿ ಬರೆದಳು. ಮಳವಳ್ಳಿ ದಾಟಿದ ಮೇಲೆ ರಸ್ತೆ ಕುಲುಕಿ, ಅಕ್ಷರಗಳು ಮೇಕೆಮರಿಗಳಂತೆ ಗೆರೆ ಬಿಟ್ಟು ನೆಗೆದವು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: "ಇವತ್ತೇ ಕೊನೆಯ ದಿನ."

ಇದು ಹೊಸ ಕಾಯಿಲೆಯೇನಲ್ಲ. ಚಿಲ್ಲರೆ ಕೇಳಲು ಬಾಯಿ ಬಾರದೆ ಅವಳು ಕಂಡಕ್ಟರುಗಳಿಗೆ ಬಿಟ್ಟುಕೊಟ್ಟದ್ದನ್ನೆಲ್ಲ ಕೂಡಿಟ್ಟಿದ್ದರೆ ಇಷ್ಟು ಹೊತ್ತಿಗೆ ಒಂದು ಕುರಿ ಕೊಳ್ಳಬಹುದಿತ್ತು. "ಇಳೀತೀನಿ" ಎನ್ನಲಾಗದೆ ಎರಡು ಸಲ ತನ್ನೂರು ಪೂರಿಗಾಲಿ ದಾಟಿಹೋಗಿ, ಮುಂದಿನ ಊರಿನಿಂದ ನಡೆದುಕೊಂಡು ಮನೆಗೆ ಬಂದಿದ್ದಳು. ಬಿ.ಎ. ಓದಿದ ಮೂರು ವರ್ಷವೂ ಕ್ಲಾಸಿನಲ್ಲಿ ಕೂತಿದ್ದೂ ಆಬ್ಸೆಂಟು, ಯಾಕೆಂದರೆ ಅವಳು ಹಾಜರಿ ಹೇಳಿದ್ದು ಪಕ್ಕದವಳಿಗೂ ಕೇಳುತ್ತಿರಲಿಲ್ಲ.

ಇಂಥವಳ ತಲೆಗೆ, ಅವಳು ಆಫೀಸಿನಲ್ಲಿ ಕೆಲಸ ಮಾಡುವ ಮದ್ದೂರಿನ ಎಳನೀರು ಬಾಟಲಿ ಕಂಪನಿಯ ಮ್ಯಾನೇಜರ್ ಶಶಿಧರ್ "ಕೊಡುಗೆ ವಾರ"ವನ್ನು ಕಟ್ಟಿದ್ದರು. ಮಳವಳ್ಳಿ ರಸ್ತೆಯ ನಾಲೆ ಏರಿಯ ಮೇಲೆ, ಕಬ್ಬು ಕಡಿಯಲು ದೂರದಿಂದ ಬಂದ ಹನ್ನೊಂದು ಸಂಸಾರಗಳ ಗುಡಿಸಲುಗಳು ಹಿಂದಿನ ವಾರ ಸುಟ್ಟುಹೋಗಿದ್ದವು. ಜನ ಉಳಿದಿದ್ದರು, ಪಾತ್ರೆ ಪಡಗ, ಹಾಸಿಗೆ ಹೊದಿಕೆ ಒಂದೂ ಉಳಿದಿರಲಿಲ್ಲ. ಕಂಪನಿಯ ನಲವತ್ತಮೂರು ಕೆಲಸಗಾರರಿಂದ ಸಾಮಾನು ಕೂಡಿಸಿ ಶುಕ್ರವಾರ ನಾಲ್ಕು ಗಂಟೆಗೆ ವ್ಯಾನು ಹೊರಡಿಸಬೇಕು.

"ನೀವು ಡಿಗ್ರಿ ಮಾಡಿದೀರಿ. ಎಲ್ರಿಗೂ ಎರಡು ಮಾತು ಹೇಳಿದ್ರೆ ಸಾಕು," ಎಂದು ಹೇಳಿ ಶಶಿಧರ್ ಮಂಡ್ಯದ ಮೀಟಿಂಗುಗಳಿಗೆ ಹೊರಟುಹೋದರು.

ಆ ಎರಡು ಮಾತೇ ಹೊರಡಲಿಲ್ಲ. ನಾಗಶ್ರೀ ಮುತ್ತಿನಂಥ ಅಕ್ಷರದಲ್ಲಿ ಒಂದು ನೋಟೀಸು ಬರೆದು ಬೋರ್ಡಿಗೆ ಅಂಟಿಸಿದಳು. ಅರ್ಧ ಗಂಟೆಯಲ್ಲಿ ಯಾರೋ ಅದರ ಮೇಲೆ ಎಳನೀರಿನ ರೇಟಿನ ಪಟ್ಟಿ ಅಂಟಿಸಿದರು. ಅದನ್ನು ಕೀಳಬಹುದೇ ಎಂದು ಕೇಳಲು ಅವಳಿಗೆ ನಾಚಿಕೆಯಾಯಿತು. ಗೇಟಿನ ಹತ್ತಿರ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇಟ್ಟಳು. ವಾಚ್‌ಮನ್ ಚಿಕ್ಕಮಾದು ಅದನ್ನು ಕಸದ ಡಬ್ಬ ಎಂದು ತಿಳಿದ. ನಾಲ್ಕು ದಿನಕ್ಕೆ ಅದರಲ್ಲಿ ಕೂಡಿದ್ದು ಒಂದು ಮುರುಕಲು ಛತ್ರಿ, ಎಡಗಾಲಿನ ಚಪ್ಪಲಿ ಒಂದು, ಮತ್ತು ಟೀ ಕುಡಿದು ಬಿಸಾಕಿದ ಲೋಟಗಳು.

ಬಸ್ಸು ನಾಲೆ ಏರಿಯ ಪಕ್ಕ ಬಂತು. ನಾಗಶ್ರೀ ನೋಡಬಾರದು ಅಂದುಕೊಂಡೂ ನೋಡಿದಳು. ಅದೇ ಹೆಂಗಸು, ಅದೇ ಮೂರು ಕಲ್ಲು, ಅದರ ಮೇಲೆ ಅದೇ ಹಳೇ ಪೇಂಟ್ ಡಬ್ಬ. ಡಬ್ಬದೊಳಗೆ ಅನ್ನ ಕುದಿಯುತ್ತಿತ್ತು. ಒಂದು ಕಡೆ ಇನ್ನೂ ನೀಲಿ ಬಣ್ಣದ ಕಲೆ. ನಾಲ್ಕು ದಿನದಿಂದ ಆ ನೀಲಿ ಕಲೆ ನಾಗಶ್ರೀಯ ತುತ್ತಿನ ಜೊತೆಗೇ ಗಂಟಲಲ್ಲಿ ಇಳಿಯುತ್ತಿತ್ತು.

ಬಸ್ಸಿಳಿಯುವಾಗ ಅವ್ವ ಪುಟ್ಟಮಾದಮ್ಮ ಯಾವಾಗಲೂ ಹೇಳುವ ಮಾತು ನೆನಪಾಯಿತು: "ನಮ್ ಜನ ಕಾಗ್ದ ನೋಡ್ಕಂಡು ಬರಾಕಿಲ್ಲ ಕಣೆ. ಎಲೆ ಅಡಿಕೆ ಕೊಟ್ಟು ಕರೀಬೇಕು."

ಸರಿ, ಕೊಟ್ಟರಾಯಿತು. ಎಲೆ ಅಡಿಕೆ ಕೈಯಲ್ಲಿದ್ದರೆ ಬಾಯಿಗೆ ಕೆಲಸ ಕಡಿಮೆ.

ಶುಕ್ರವಾರ ಮೆಷಿನ್ ಪೂಜೆಯ ದಿನ. ಪೂಜೆಯ ತಟ್ಟೆ, ಅರಿಶಿನ ಕುಂಕುಮ ಅಲ್ಲೇ ಇದ್ದವು. ಗೇಟಿನ ಎದುರಿನ ಅಂಗಡಿಯಲ್ಲಿ ಎರಡು ಕಟ್ಟು ಎಲೆ, ಒಂದಿಷ್ಟು ಅಡಿಕೆ ತಂದು ತಟ್ಟೆಯಲ್ಲಿ ಜೋಡಿಸಿಕೊಂಡು, ಪ್ಯಾಕಿಂಗ್ ಸಾಲಿನ ಮೊದಲ ಬೆಂಚಿನ ಮುಂದೆ ನಿಂತಳು. ಅಲ್ಲಿ ಕೂತವರು ದೇವಿರಮ್ಮ. ಆ ಕಂಪನಿಯಲ್ಲಿ ಇಪ್ಪತ್ತು ಹೆಂಗಸರಿಗೆ ಅವರೇ ಅಕ್ಕ, ಅವರೇ ಪಂಚಾಯಿತಿ, ಅವರೇ ವಾರ್ತಾ ಪ್ರಸಾರ.

"ಏನವ್ವ ಇದು?" ಎಂದರು ದೇವಿರಮ್ಮ, ತಟ್ಟೆ ನೋಡಿ.

ನಾಗಶ್ರೀಯ ನಾಲಗೆ ಫ್ರಿಜ್ಜಿನಲ್ಲಿಟ್ಟ ಮುದ್ದೆಯಂತೆ ಗಟ್ಟಿಯಾಯಿತು. ತಲೆ ತಗ್ಗಿಸಿ ಎಲೆ ಅಡಿಕೆ ಮುಂದಕ್ಕೆ ಹಿಡಿದಳು.

ಮಂಡ್ಯ ಸೀಮೆಯಲ್ಲಿ ಮದುವೆ ವಯಸ್ಸಿನ ಹುಡುಗಿ ಹೀಗೆ ತಲೆ ಬಗ್ಗಿಸಿ, ಕೆನ್ನೆ ಕೆಂಪಗೆ ಮಾಡಿಕೊಂಡು ಎಲೆ ಅಡಿಕೆ ಕೊಟ್ಟರೆ ಅದಕ್ಕೆ ಅರ್ಥ ಒಂದೇ ಎಂಬುದು ಅವಳಿಗೆ ಹೊಳೆಯಲಿಲ್ಲ. ದೇವಿರಮ್ಮನಿಗೆ ಹೊಳೆಯಿತು.

"ಅವ್ವಯ್ಯ! ಯಾವತ್ತು?"

"ಇವತ್ತು."

"ಇವತ್ತಾ! ಎಷ್ಟೊತ್ಗೆ?"

"ನಾಕ್ ಗಂಟೆಗೆ."

"ಏನೇನ್ ಬೇಕು ಈಗ?"

"ಪಾತ್ರೆ... ಬೆಡ್‌ಶೀಟು... ಏನೂ ಇಲ್ಲ ಅಕ್ಕ." ನೀಲಿ ಕಲೆ ನೆನಪಾಗಿ ಅವಳ ಕಣ್ಣು ತುಂಬಿದವು.

ದೇವಿರಮ್ಮನ ಕಣ್ಣೂ ತುಂಬಿದವು. "ಮ್ಯಾನೇಜ್ರುಗೆ ಗೊತ್ತಾ?"

"ಅವ್ರೇ ವ್ಯಾನ್ ಕೊಡ್ತಾವ್ರೆ."

"ನಿಮ್ಮವ್ವಂಗೆ?"

ಕೊಡುಗೆ ವಾರದ ಸುದ್ದಿ ಹೇಳಿದರೆ ಅವ್ವ ಬಿದ್ದು ಬಿದ್ದು ನಗುತ್ತಾಳೆಂದು ನಾಗಶ್ರೀ ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. "ಇಲ್ಲ ಅಕ್ಕ. ಯೋಳಿಲ್ಲ," ಎಂದಳು.

ದೇವಿರಮ್ಮ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ನೀನೇನೂ ಎದ್ರುಕೋಬ್ಯಾಡ. ನಾವಿಲ್ವಾ? ಓಗು, ಎಲ್ರುಗೂ ಕೊಡು."

ನಾಗಶ್ರೀ ಉಳಿದ ನಲವತ್ತೆರಡು ಜನರಿಗೂ ತುಟಿ ಬಿಚ್ಚದೆ ಎಲೆ ಅಡಿಕೆ ಕೊಟ್ಟಳು. ಅವಳಿಗಿಂತ ಒಂದು ಬೆಂಚು ಮುಂದೆ ಸುದ್ದಿ ಹೋಗುತ್ತಿತ್ತು. "ಬಾಯೇ ಇಲ್ಲ ಅನ್ಕಂಡಿದ್ವಲ್ಲಾ ಕಣ್ಲಾ! ರಿಜಿಸ್ಟ್ರು ಮದ್ವೆಯಂತೆ!" ಎಂದು ಚಿಕ್ಕಮಾದು ಎಲೆಗೆ ಸುಣ್ಣ ಹಚ್ಚುತ್ತ ಡ್ರೈವರಿಗೆ ಹೇಳಿದ.

ಮಧ್ಯಾಹ್ನ ಊಟದ ಹೊತ್ತಿಗೆ ಗೇಟಿನಲ್ಲಿ ಮೊಪೆಡ್ಡುಗಳ ಸಾಲು ನಿಂತಿತು. ಸುತ್ತಮುತ್ತಲ ಊರುಗಳಿಂದ ಗಂಡಂದಿರು, ಅತ್ತೆಯರು, ಮೈದುನರು ಸಾಮಾನು ಹೊತ್ತು ತಂದರು. ನಮ್ಮ ಕಡೆ ಪ್ರತಿ ಮನೆಯ ಅಟ್ಟದ ಮೇಲೂ ಮದುವೆಗಳಲ್ಲಿ ಮುಯ್ಯಿಯಾಗಿ ಬಂದ ಸ್ಟೀಲು ಪಾತ್ರೆಗಳು ಹೆಸರು ಕೆತ್ತಿಸಿಕೊಂಡು ಮುಂದಿನ ಮದುವೆಗೆ ಕಾಯುತ್ತ ಕೂತಿರುತ್ತವೆ. ಮಂಗಳಮ್ಮ ತಂದ ಇಡ್ಲಿ ಪಾತ್ರೆಯ ಮೇಲೆ ಮೂರು ಹೆಸರಿದ್ದವು. ಅದು ಆಗಲೇ ಮೂರು ಮದುವೆ ಮಾಡಿಕೊಂಡು, ಒಂದು ಇಡ್ಲಿಯನ್ನೂ ಬೇಯಿಸದೆ ಕನ್ಯೆಯಾಗಿಯೇ ಉಳಿದಿತ್ತು.

ಚಿಕ್ಕಮಾದುವಿಗೆ ಊರಿನ ಮದುವೆಗಳಲ್ಲಿ ಮುಯ್ಯಿ ಬರೆದು ಅಭ್ಯಾಸ. ಗೇಟಿನ ರಿಜಿಸ್ಟರಿನಲ್ಲಿ ಹೊಸ ಹಾಳೆ ತಿರುಗಿಸಿ, ಮೇಲೆ "ನಾಗಶ್ರೀ" ಎಂದು ಬರೆದು, ಅರಿಶಿನದ ಬೊಟ್ಟಿಟ್ಟ. ಲೋಡಿಂಗ್ ಹುಡುಗರನ್ನು ಕೂಗುವ ಕೈಮೈಕು ಬಾಯಿಗೆ ಹಿಡಿದ.

"ಮಂಗಳಮ್ಮೋರಿಂದ ಇಡ್ಲಿ ಪಾತ್ರೆ ಒಂದು!"

ಅದು ಕೇಳಿದ್ದೇ ತಡ, ಲೋಟ ತಂದವರು ವಾಪಸ್ ಹೋಗಿ ಬಿಂದಿಗೆ ತಂದರು. ಬಿಂದಿಗೆ ತಂದವರ ಮುಖ ನೋಡಲಾರದೆ ಇನ್ನೊಬ್ಬರು ಕುಕ್ಕರು ತರಿಸಿದರು. ರಗ್ಗು, ಜಮಖಾನ, ಬಕೆಟ್ಟು, ಸೊಳ್ಳೆ ಪರದೆ. ರಟ್ಟಿನ ಪೆಟ್ಟಿಗೆ ತುಂಬಿ, ಚಿಕ್ಕಮಾದುವಿನ ಕೋಣೆ ತುಂಬಿ, ಸೈಕಲ್ ಸ್ಟ್ಯಾಂಡು ತುಂಬಿತು.

ನಾಗಶ್ರೀ ಕಿಟಕಿಯಿಂದ ನೋಡಿ ಬೆರಗಾದಳು. ಎಂಥಾ ಜನ! ಡೈರಿ ತೆಗೆದು "ಕೇಳುವುದು ಇಷ್ಟು ಸುಲಭವೆಂದು ಗೊತ್ತಿರಲಿಲ್ಲ" ಎಂದು ಬರೆಯುತ್ತಿದ್ದಾಗ ಹಿಂದಿನಿಂದ ದೇವಿರಮ್ಮ ಬಂದು ಒಂದು ಮೊಳ ಮಲ್ಲಿಗೆ ಮುಡಿಸಿದರು.

"ಓಗ್ಲಿ, ಗಂಡು ಯಾವೂರು? ಈಗ್ಲಾದ್ರೂ ಬಾಯ್ಬುಡು."

"ಯಾವ ಗಂಡು?"

"ಇನ್ಯಾವ ಗಂಡವ್ವ, ನಿನ್ ಕೈ ಹಿಡಿಯೋ ಗಂಡು!"

ನಾಗಶ್ರೀಗೆ ಬೆಳಗಿನಿಂದ ಆದದ್ದೆಲ್ಲ ಒಂದೇ ಸಲ ಅರ್ಥವಾಯಿತು. "ಅಯ್ಯೋ, ಮದ್ವೆ ಇಲ್ಲ ಅಕ್ಕ..." ಎಂದಳು, ಸೊಳ್ಳೆಗೂ ನಾಚಿಕೆಯಾಗುವಷ್ಟು ಸಣ್ಣ ದನಿಯಲ್ಲಿ.

"ಮದ್ಲು ಎಲ್ಲ ಎಣ್ಮಕ್ಳೂ ಅಂಗೇ ಅನ್ನದು," ಎಂದು ದೇವಿರಮ್ಮ ಕೆನ್ನೆ ತಟ್ಟಿ ಹೋದರು.

ಇನ್ನು ಕೂಗಿ ಹೇಳಬೇಕು. ಹೇಳಿದರೆ ಈ ಬಿಂದಿಗೆ, ರಗ್ಗು ಎಲ್ಲ ಬಂದ ಮೊಪೆಡ್ಡು ಹತ್ತಿ ವಾಪಸ್ ಹೋಗುತ್ತವೆ. ಹೇಳದಿದ್ದರೆ ನಾಲ್ಕು ಗಂಟೆಗೆ ಗಂಡನ್ನು ಎಲ್ಲಿಂದ ತರುವುದು? ನಾಗಶ್ರೀ ಬಾಯಿ ತೆರೆದಳು. ನೀಲಿ ಕಲೆಯ ಡಬ್ಬ ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿದಳು.

ನಾಲ್ಕಕ್ಕೆ ವ್ಯಾನು ತುಂಬಿತು. ಹಿಂದೆ ಎಳನೀರು ತರುವ ಟೆಂಪೋದಲ್ಲಿ ಹೆಣ್ಣಿನ ಕಡೆಯವರಾಗಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಇಡೀ ಪ್ಯಾಕಿಂಗ್ ವಿಭಾಗ ಹತ್ತಿಕೊಂಡಿತು; ರಿಜಿಸ್ಟರು, ಮೈಕಿನ ಸಮೇತ ಚಿಕ್ಕಮಾದುವೂ ಹತ್ತಿದ. ಡ್ರೈವರಿಗೆ ಮ್ಯಾನೇಜರು ಬೆಳಿಗ್ಗೆಯೇ ಫೋನಿನಲ್ಲಿ ಜಾಗ ಹೇಳಿದ್ದರು.

"ನಾಲೆ ಏರಿಯಂತಾ? ಗಂಡಿನ ಮನೆ ಗದ್ದೆ ಒಳಗೇ ಅದೆ ಅನ್ನಿ. ನೀರಾವರಿ ಜಮೀನು! ಹುಡ್ಗಿ ಗಟ್ಟಿಗಿತ್ತಿ," ಎಂದರು ಮಂಗಳಮ್ಮ.

ಏರಿಯ ಮೇಲೆ ಇಳಿದಾಗ ಗಂಡಿನ ಮನೆ ಕಾಣಲಿಲ್ಲ. ಸುಟ್ಟ ಗಳಗಳು, ಟಾರ್ಪಾಲಿನ ಚೂರುಗಳು, ಪಿಳಿಪಿಳಿ ನೋಡುವ ಮಕ್ಕಳು ಕಂಡರು. ಡ್ರೈವರು ಸಾಮಾನು ಇಳಿಸಿಯೇಬಿಟ್ಟ. ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಮಳವಳ್ಳಿ ಕಡೆಯಿಂದ ಬಂದ ಬಸ್ಸು ಗಕ್ಕನೆ ನಿಂತು, ಕಿಟಕಿಯಿಂದ ಮಗಳನ್ನು ಕಂಡ ಪುಟ್ಟಮಾದಮ್ಮ ಅದರೊಳಗಿಂದ ಸೆರಗು ಬಿಗಿದುಕೊಂಡು ಇಳಿದಳು. ದೇವಿರಮ್ಮನ ನಾದಿನಿ ಪೂರಿಗಾಲಿಯವಳು; ಸುದ್ದಿ ಮಧ್ಯಾಹ್ನವೇ ಮುಟ್ಟಿತ್ತು.

"ಯಾರವ್ವ ಇಲ್ಲಿ ದೇವಿರಮ್ಮ?"

"ನಾನೇ ಕಣಕ್ಕ. ಬೇಜಾರು ಮಾಡ್ಕೋಬ್ಯಾಡಿ, ಕಾಲ ಇಂಗದೆ..."

"ಬೇಜಾರಾ? ಮಳವಳ್ಳಿ ಗಂಟ ಅತ್ಕಂಡು ಬಂದೆ. ಮಳವಳ್ಳಿ ದಾಟದ್ಮೇಲೆ ತಲೆ ಓಡ್ತು. ಕಂಡಕ್ಟರ್ ತಾವ ಎರಡ್ರುಪಾಯಿ ಚಿಲ್ರೆ ಕೇಳಾಕೆ ಬಾಯಿಲ್ದೋಳು, ಒಬ್ಬ ಗಂಡ್ನ ಕೇಳಿರ್ತಾಳಾ? ಯಾರ್ ಕಟ್ಟದ್ರೀ ಈ ಕತೆಯ?"

ಪುಟ್ಟಮಾದಮ್ಮ ಮಗಳನ್ನು ನೋಡಿದಳು, ಮಗಳು ನೆಲ ನೋಡಿದಳು. ಹೆಂಗಸರ ಕಣ್ಣು ಒಂದೊಂದಾಗಿ ನಾಗಶ್ರೀಯನ್ನು ಬಿಟ್ಟು ತಂತಮ್ಮ ಪಾತ್ರೆಗಳ ಮೇಲೆ ಹೋದವು. ಮಂಗಳಮ್ಮ ನಿಧಾನಕ್ಕೆ ಬಗ್ಗಿ ಇಡ್ಲಿ ಪಾತ್ರೆಯ ಹಿಡಿಗೆ ಕೈ ಹಾಕಿದರು.

ಆಗ ನಾಲೆಯ ಮೆಟ್ಟಿಲು ಹತ್ತಿ, ಬೆಳಿಗ್ಗೆ ಅನ್ನ ಬೇಯಿಸುತ್ತಿದ್ದ ಆ ಹೆಂಗಸು ಬಂದಳು. ಮೇಲೆ ನಡೆದದ್ದು ಅವಳಿಗೆ ಒಂದೂ ಗೊತ್ತಿಲ್ಲ. ಮಲ್ಲಿಗೆ ಮುಡಿದ ಹುಡುಗಿ, ಅರಿಶಿನ ಕುಂಕುಮ, ರಾಶಿ ಪಾತ್ರೆ, ಸುತ್ತ ಜನ ಕಂಡು ನೇರ ನಾಗಶ್ರೀಯ ಹತ್ತಿರ ಬಂದಳು.

"ಮದಿವಿ ಮಗಳೇನವ್ವಾ ನೀನು? ಖಾಲಿ ಕೈಲೆ ಹರಸಬಾರ್ದಂತ. ನಮ್ಮ ಕಡಿಂದ ಇದೊಂದು ಇಟ್ಕೊಳ್ಳವ್ವಾ," ಎಂದು, ಬೂದಿ ಹಾಕಿ ಬೆಳ್ಳಗೆ ತಿಕ್ಕಿದ ಪೇಂಟ್ ಡಬ್ಬವನ್ನು ಅವಳ ಕೈಯಲ್ಲಿಟ್ಟಳು. ನೀಲಿ ಕಲೆ ಕೂಡ ಮುಕ್ಕಾಲು ಹೋಗಿತ್ತು.

ಮಂಗಳಮ್ಮ ಸೆರಗಿನ ತುದಿಯಿಂದ ಇಡ್ಲಿ ಪಾತ್ರೆಯನ್ನು ಒರೆಸಿದರು. ಅದಕ್ಕೆಂದೇ ಬಗ್ಗಿದವರ ಹಾಗೆ.

ಚಿಕ್ಕಮಾದು ಗಂಟಲು ಸರಿಮಾಡಿಕೊಂಡ. "ಎಸ್ರೇನವ್ವ?"

"ದುರುಗಮ್ಮ."

ಅವನು ರಿಜಿಸ್ಟರು ಬಿಚ್ಚಿ ನಲವತ್ತಮೂರು ಹೆಸರಿನ ಕೆಳಗೆ ನಲವತ್ನಾಲ್ಕನೆಯದು ಬರೆದ. ಮೈಕು ಎತ್ತಿ, ಕುಕ್ಕರಿಗೆ ಕೂಗಿದ್ದಕ್ಕಿಂತ ಒಂದು ಪಟ್ಟು ಹೆಚ್ಚು ಜೋರಾಗಿ ಕೂಗಿದ: "ದುರುಗಮ್ಮೋರಿಂದ... ಅಡುಗೆ ಪಾತ್ರೆ ಒಂದು!"

ದೇವಿರಮ್ಮ ಮೂಗು ಒರೆಸಿಕೊಂಡು ಕೈ ಎತ್ತಿದರು. "ಮೈಕಲ್ಲಿ ಕೂಗಿ ಓದ್ಸಿದ್ ಮುಯ್ಯಿ ಓದ್ಸಿದ್ದೇ. ಯಾರೂ ಮುಟ್ಬ್ಯಾಡಿ. ಇವ್ರು ಬಳಸ್ಕೊಳ್ಳಲಿ." ಮಕ್ಕಳು ಆಗಲೇ ಬಕೆಟ್ಟು ಬಡಿಯತೊಡಗಿದ್ದರು. ನಾಗಶ್ರೀ ಡಬ್ಬವನ್ನು ಅಪ್ಪಿಕೊಂಡು, ಬದುಕಿದೆ ಎಂದು ಕಣ್ಣು ಮುಚ್ಚಿದಳು.

"ಆದ್ರೆ," ಎಂದರು ದೇವಿರಮ್ಮ, "ಪುಸ್ತಕ ಇವಳ ಎಸ್ರಲ್ಲಿ ಅದೆ. ಬರ್ದ ಮ್ಯಾಲೆ ತೀರುಸ್ಬೇಕು. ಬರೋ ಭಾನ್ವಾರ ಹಲಗೂರಲ್ಲಿ ನನ್ ಮೊಮ್ಮಗಂದು ಮುಡಿ ತೆಗ್ಸೋದು. ಮದ್ಲು ಅಲ್ಲಿಗೆ ಬಾ."

"ಹದ್ನೈದಕ್ಕೆ ನಮ್ದು ಗೃಹಪ್ರವೇಶ," ಎಂದರು ಮಂಗಳಮ್ಮ.

"ನನ್ ತಂಗೀದು ಬೀಗ್ರೂಟ!" "ನಮ್ದು ಕಿವಿ ಚುಚ್ಚೋದು!" ನಾಲ್ಕೂ ಕಡೆಯಿಂದ ಕೂಗು. "ಸುಮ್ನೆ ಬಂದು ಉಂಡ್ಕಂಡು ಓಗಂಗಿಲ್ಲ, ಎಲ್ರುನ್ನೂ ಮಾತಾಡಿಸ್ಬೇಕು!"

"ಬತ್ತಾಳೆ, ಬತ್ತಾಳೆ. ನಾನೇ ಎಳ್ಕಂಡು ಬತ್ತೀನಿ," ಎಂದಳು ಪುಟ್ಟಮಾದಮ್ಮ ಸಂತೋಷವಾಗಿ.

ನಲವತ್ನಾಲ್ಕು ಮನೆ, ನಲವತ್ನಾಲ್ಕು ಊಟ, ಸಾವಿರ ಜನರ "ಯಾರ ಮಗ್ಳವ್ವ ನೀನು?" ನಾಗಶ್ರೀ ಡೈರಿ ಚೀಲದಲ್ಲಿದೆಯೇ ಎಂದು ಮೊಣಕೈಯಿಂದ ಮುಟ್ಟಿ ನೋಡಿಕೊಂಡಳು. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಮಂಡ್ಯದಿಂದ ಶಶಿಧರ್.

ಅವಳ ಎರಡು ಕೈಯಲ್ಲೂ ಡಬ್ಬವಿದ್ದದ್ದರಿಂದ ಚಿಕ್ಕಮಾದುವೇ ಫೋನು ಒತ್ತಿ ಅವಳ ಮುಖದ ಮುಂದೆ ಹಿಡಿದ. ಇನ್ನೊಂದು ಕೈಯಲ್ಲಿ ಮೈಕು ಹಾಗೇ ಇತ್ತು.

"ನಾಗಶ್ರೀ! ಚಿಕ್ಕಮಾದು ಕಳ್ಸಿದ ಫೋಟೋ ನೋಡ್ದೆ. ಒಂದು ವ್ಯಾನ್ ತುಂಬಾ! ಸಾಹೇಬ್ರಿಗೆ ಭಾಳ ಖುಷಿಯಾಗಿದೆ. ಮುಂದಿನ ತಿಂಗಳಿಂದ ಮಂಡ್ಯ, ಮಳವಳ್ಳಿ ಎರಡು ಘಟಕಕ್ಕೂ ಕೊಡುಗೆ ಕೇಳೋಕೆ ನೀವೇ ಹೋಗ್ಬೇಕು. ನಿಮ್ಮಷ್ಟು ಚೆನ್ನಾಗಿ ಕೇಳೋರು ಇನ್ಯಾರೂ ಇಲ್ಲಮ್ಮ!"

ಏರಿಯ ಮೇಲಿದ್ದವರೆಲ್ಲ ಅವಳ ಬಾಯನ್ನೇ ನೋಡಿದರು. ಮೈಕು ಆರಿರಲಿಲ್ಲ. ನಾಗಶ್ರೀ ಒಮ್ಮೆ ದುರುಗಮ್ಮನನ್ನು ನೋಡಿದಳು, ಒಮ್ಮೆ ಅವ್ವನನ್ನು ನೋಡಿದಳು, ಉಸಿರು ಎಳೆದುಕೊಂಡಳು. ಮಾತು ನಾಲೆ ದಾಟಿ, ಕಬ್ಬಿನ ಗದ್ದೆ ದಾಟಿ, ಆಚೆ ಊರಿನವರೆಗೂ ಕೇಳಿಸಿತು:

"ನಂಗೆ ಕೇಳಕ್ಕೆ ಬರಲ್ಲ ಸಾರ್!"